ಪಿರ್ಲೊ ನಿಂತ ಜಾಗ

ಇಟಲಿಯ ಫುಟ್‌ಬಾಲ್ ಆಟಗಾರ ಆಂಡ್ರಿಯಾ ಪಿರ್ಲೊ ಮೊದಲು ಆಡುತ್ತಿದ್ದುದು ಗೋಲು ಹೊಡೆಯುವ ಸ್ಟ್ರೈಕರ್‌ಗಳ ಬೆನ್ನಿಗೆ. ಅಲ್ಲಿ ಜಾಗ ಇಕ್ಕಟ್ಟು, ಓಟದ ವೇಗ ಬೇಕು, ಅದು ಅವರಲ್ಲಿರಲಿಲ್ಲ. 2001ರಲ್ಲಿ ಇಂಟರ್ ಕ್ಲಬ್‌ನಿಂದ ಎರವಲಾಗಿ ಬ್ರೆಶಾ ತಂಡಕ್ಕೆ ಬಂದಾಗ, ಆ ಸ್ಥಾನದಲ್ಲಿ ರೊಬರ್ಟೊ ಬಾಜ್ಜೊ ಇದ್ದರು. ಕೋಚ್ ಕಾರ್ಲೊ ಮಜ್ಜೋನೆ ಪಿರ್ಲೊರನ್ನು ಡಿಫೆಂಡರ್‌ಗಳ ಮುಂದೆ ನಿಲ್ಲಿಸಿದರು. ಇಡೀ ಮೈದಾನ ಕಣ್ಣೆದುರಿಗೆ ಬಂತು.

ಮುಂದೆ ಎಸಿ ಮಿಲಾನ್ ತಂಡದಲ್ಲಿ ಕೋಚ್ ಆನ್ಚೆಲೊಟ್ಟಿ ಇದನ್ನೇ ಗಟ್ಟಿ ಮಾಡಿದರು. ಚೆಂಡು ಕಸಿಯುವ ಕೆಲಸ ಪಕ್ಕದ ಗಟ್ಟೂಸೊಗೆ, ಹಂಚುವುದು ಪಿರ್ಲೊಗೆ. ಚೆಂಡು ಕಾಲಿಗೆ ಬರುವ ಮೊದಲೇ ಅವರು ತಲೆಯೆತ್ತಿ ಸುತ್ತ ನೋಡಿರುತ್ತಿದ್ದರು. ವೇಗದ ಕೊರತೆಯನ್ನು ತುಂಬಿದ್ದು ಇದೇ. 2006ರ ವಿಶ್ವಕಪ್ ಸೆಮಿಫೈನಲ್‌ನ 119ನೇ ನಿಮಿಷ ನೋಡಿ: ಚೆಂಡಿನೊಂದಿಗೆ ಅಡ್ಡಕ್ಕೆ ಸರಿಯುತ್ತ ಜರ್ಮನಿಯ ಡಿಫೆಂಡರ್‌ಗಳನ್ನು ತನ್ನತ್ತ ಎಳೆದು, ಆಮೇಲೆ ಜೊತೆ ಆಟಗಾರ ಗ್ರೊಸ್ಸೊಗೆ ಪಾಸ್. ಅವಸರ ಮಾಡಿದ್ದರೆ ಆ ಗೋಲಿಲ್ಲ. ಎಷ್ಟು ಸಲ ನೋಡಿದರೂ ತಣಿಯದ ಪಾಸ್ ಅದು.

ಈ ಏರ್ಪಾಡಿಗೆ ಒಂದೇ ದೊಡ್ಡ ಅಪಾಯ: ಎದುರಾಳಿ ಒಬ್ಬನನ್ನು ಪಿರ್ಲೊಗೆಂದೇ ಮೀಸಲಿಡುವುದು. 2010ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ತನ್ನ ಆಟಗಾರ ಪಾರ್ಕ್ ಜಿ-ಸಂಗ್‌ಗೆ ಆ ಕೆಲಸ ಕೊಟ್ಟಿತು. ಚೆಂಡು ಹಂಚುವವನೇ ಕಟ್ಟುಬಿದ್ದ ಮಿಲಾನ್, ಯುನೈಟೆಡ್‌ನ ತವರು ಮೈದಾನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ 4-0ಯಿಂದ ಸೋತಿತು. 2011ರಲ್ಲಿ ಪಿರ್ಲೊ ಯುವೆಂಟಸ್ ತಂಡ ಸೇರಿದಾಗ ಕೋಚ್ ಕೊಂಟೆ ಇದಕ್ಕೆ ಪರಿಹಾರ ಇಟ್ಟುಕೊಂಡಿದ್ದರು. ಪಿರ್ಲೊ ಸುತ್ತ ಕಾವಲು ಬಿಗಿಯಾದರೆ ಹಿಂದಿನಿಂದ ಡಿಫೆಂಡರ್ ಬೊನುಚ್ಚಿ ಉದ್ದ ಪಾಸ್ ಕೊಡುತ್ತಿದ್ದರು; ಅಕ್ಕಪಕ್ಕ ವಿದಾಲ್, ಮಾರ್ಕಿಸಿಯೊ ಓಡುತ್ತಿದ್ದರು. ಆ ಋತುವಿನ 38 ಲೀಗ್ ಪಂದ್ಯಗಳಲ್ಲಿ ತಂಡ ಒಂದನ್ನೂ ಸೋಲಲಿಲ್ಲ.