ಗೌರಿ ಹುರುಳಿ ಬಿಟ್ಟ ವಾರ

ನಮ್ಮ ಲಾಯದಲ್ಲಿ ಐದು ಕುದುರೆಗಳಿವೆ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಹೋಗುವ ದಾರಿಯಲ್ಲಿ ಒಂದು ಕಾಫಿ ಎಸ್ಟೇಟು, ಅದರೊಳಗೆ ಒಂದು ಹೋಂಸ್ಟೇ. ಅಲ್ಲಿಗೆ ಬಂದವರನ್ನು ತೋಟದೊಳಗೆ ಅರ್ಧ ಗಂಟೆ ಸುತ್ತಾಡಿಸಿ ತರುವುದು ಕುದುರೆಗಳ ಕೆಲಸ. ಅವುಗಳ ಮೇವು, ಲಾಳ, ಜೀನು, ಲೆಕ್ಕಪತ್ರ ಎಲ್ಲ ನನ್ನ ಕೆಲಸ. ಹನ್ನೊಂದು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಒಂದು ಕುದುರೆಯ ಬಾಯಿಯನ್ನೂ ನಾನು ಸರಿಯಾಗಿ ತೆರೆದು ನೋಡಿರಲಿಲ್ಲ. ಅದು ಗೊತ್ತಾಗಿದ್ದು ಹೋದ ಜನವರಿಯಲ್ಲಿ.

ಶನಿವಾರ ಬೆಳಗ್ಗೆ. ಗೌರಿಗೆ ಬೇಯಿಸಿದ ಹುರುಳಿ ಇಟ್ಟೆ. ಗೌರಿ ಅಂದರೆ ನಮ್ಮ ಕಂದು ಹೆಣ್ಣು ಕುದುರೆ, ಎಂಟು ವರ್ಷ, ಹುರುಳಿ ಬಕೆಟ್ಟಿನ ಸದ್ದು ಕೇಳಿದರೆ ಬಾಗಿಲು ಒದೆಯುವವಳು. ಅವತ್ತು ಮೂತಿ ಇಟ್ಟಳು, ಎರಡು ಬಾಯಿ ತಿಂದಳು, ಬಾಯಿಯ ಪಕ್ಕದಿಂದ ಅರ್ಧ ಹುರುಳಿ ಹೊರಗೆ ಬಿತ್ತು. ಜೊತೆಗೆ ಅಂಟಂಟು ಜೊಲ್ಲು, ದಾರದ ಹಾಗೆ ನೆಲದವರೆಗೆ. ಕೆಳಗೆ ನೋಡಿದರೆ ಹಿಂದಿನ ರಾತ್ರಿಯ ಹುಲ್ಲು ಸಣ್ಣ ಸಣ್ಣ ಉಂಡೆಯಾಗಿ ಬಿದ್ದಿತ್ತು. ಅಗಿದು, ನುಂಗಲಾಗದೆ ಉಗುಳಿದ ಉಂಡೆಗಳು.

ಕುದುರೆಗೆ ದಿನಕ್ಕೆ ಮೂವತ್ತು ನಲವತ್ತು ಲೀಟರ್ ಜೊಲ್ಲು ಬರುತ್ತೆ ಅಂತಾರೆ. ಅದು ಬರುವುದು ಅಗಿಯುವಾಗ, ಮತ್ತೆ ಮೇವಿನ ಜೊತೆಗೇ ಒಳಗೆ ಹೋಗುತ್ತೆ. ಸುಮ್ನೆ ನಿಂತಾಗಲೂ ಹೊರಗೆ ಸುರಿಯುತ್ತಿದೆ ಅಂದರೆ ಬಾಯಲ್ಲೋ ಗಂಟಲಲ್ಲೋ ಏನೋ ಆಗಿದೆ ಅಂತಲೇ ಅರ್ಥ. ಇದು ನನಗೆ ಗೊತ್ತಿತ್ತು. ಆದರೆ ಶನಿವಾರ ಅಲ್ವಾ, ಹತ್ತು ಗಂಟೆಗೆ ಬೆಂಗಳೂರಿನ ಎರಡು ಗುಂಪು ಕಾಯುತ್ತಿತ್ತು. ತುಟಿಯ ಮೂಲೆ ಒಂಚೂರು ಎಳೆದು ನೋಡಿದೆ, ಕೆಂಪಾಗಿತ್ತು. ಕಡಿವಾಣ ಉಜ್ಜಿದೆ ಅಂತ ನಾನೇ ತೀರ್ಮಾನ ಮಾಡಿ, ಕೊಬ್ಬರಿ ಎಣ್ಣೆ ಹಚ್ಚಿ, ಅವಳನ್ನೂ ಕಾಲಿಗೆ ಪೆಟ್ಟಾಗಿದ್ದ ಬಾದಶಾನನ್ನೂ ಬಿಟ್ಟು ಉಳಿದ ಮೂರನ್ನು ಓಡಿಸಿದೆ. ಭಾನುವಾರ ಪೇಟೆಗೆ ಹೋಗಿ ರಬ್ಬರ್ ಹೊದಿಸಿದ ಹೊಸ ಕಡಿವಾಣ ತಂದೆ, ಸಮಸ್ಯೆ ಮುಗಿಯಿತು ಅಂದುಕೊಂಡೆ. ಕೆಂಪಾಗಿದ್ದೇನೋ ನಿಜ. ಆದರೆ ಯಾವ ಕೆಲಸದ ಕುದುರೆಯ ತುಟಿ ಮೂಲೆ ಚೂರಾದರೂ ಕೆಂಪಾಗಿರಲ್ಲ ಹೇಳಿ?

ನಮ್ಮ ಲಾಯದ ಹಿರಿಯರನ್ನು ಎಲ್ಲರೂ ಚಾಚಾ ಅಂತಲೇ ಕರೆಯುವುದು. ಅವರು ಅವತ್ತೇ ಹೇಳಿದರು: "ಲಗಾಮಿಂದಲ್ಲ ಕಣಪ್ಪ. ಬಾಯಿ ವಾಸನೆ ನೋಡು." ನಾನು ಕೇಳಿಸಿಕೊಳ್ಳಲಿಲ್ಲ. ಮಂಗಳವಾರದ ಹೊತ್ತಿಗೆ ಹತ್ತಿರ ಹೋಗದೆಯೇ ವಾಸನೆ ಬರುತ್ತಿತ್ತು. ಹಳೇ ನೆನೆಸಿದ ಬೂಸಾ ಕೊಳೆತ ಹಾಗೆ. ಬುಧವಾರ ಬಾದಶಾ ಕೂಡ ಜೊಲ್ಲು ಸುರಿಸಲು ಶುರು ಮಾಡಿದ. ಅವನಿಗೆ ಎರಡು ವಾರದಿಂದ ಲಗಾಮೇ ಹಾಕಿರಲಿಲ್ಲ, ಕಾಲಿಗೆ ಪೆಟ್ಟಾಗಿ ಸುಮ್ನೆ ನಿಂತಿದ್ದ. ನನ್ನ ಕಡಿವಾಣದ ಕಥೆ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ತೋಟದ ಕೆಲಸದವರ ಲೈನ್ ಮನೆಗಳ ಕಡೆ ಸುದ್ದಿ ಹರಡಿತ್ತು, ಕುದುರೆಗೆ ಕಾಲುಬಾಯಿ ಜ್ವರ ಬಂದಿದೆಯಂತೆ ಅಂತ. ಜೊಲ್ಲು, ಬಾಯಿ ಹುಣ್ಣು, ಜೊತೆಗೆ ಬಾದಶಾ ಕುಂಟುತ್ತಿದ್ದ ಬೇರೆ. ದನ ಸಾಕಿದವರಿಗೆ ಇಷ್ಟು ಸಾಕು. ಡೇರಿಗೆ ಹಾಲು ಹಾಕುವ ಅಕ್ಕ ನನ್ನನ್ನೇ ಅಡ್ಡಗಟ್ಟಿ, ನಿಮ್ಮ ಕುದುರೆ ನಮ್ಮ ಕೊಟ್ಟಿಗೆ ಮುಂದೆ ಬರಬಾರದು ಅಂದರು. ಅವರ ಭಯ ತಪ್ಪಲ್ಲ. ಅವರ ಮನೆ ನಡೆಯುವುದೇ ಎರಡು ಹಸುವಿನ ಮೇಲೆ. ಸಾಹುಕಾರರು ಫೋನ್ ಮಾಡಿ, "ಏನಯ್ಯಾ ಇದು, ಇವತ್ತೇ ಡಾಕ್ಟರನ್ನು ಕರೆಸು" ಅಂದರು.

ಬಂದವರು ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಚಿಕ್ಕ ವಯಸ್ಸಿನ ಮೇಡಂ. ಬೈಕಿನಿಂದ ಇಳಿದು ಕೈಗೆ ಗ್ಲೌಸ್ ಹಾಕಿಕೊಳ್ಳುತ್ತಲೇ ಕೇಳಿದ ಮೊದಲ ಪ್ರಶ್ನೆ: "ಅಣ್ಣ, ಈಚೆಗೆ ನಾಯಿ ಏನಾದರೂ ಕಚ್ಚಿತ್ತಾ? ಬರಿಗೈಯನ್ನು ಬಾಯಿಗೆ ಹಾಕಿದ್ದೀರಾ?" ನನಗೆ ಕೈಕಾಲು ತಣ್ಣಗಾಯಿತು. ರೇಬಿಸ್ ಬಂದ ಕುದುರೆಗೂ ನುಂಗಲಾಗದೆ ಜೊಲ್ಲು ಸುರಿಯುತ್ತೆ, ಮೊದಲ ದಿನಗಳಲ್ಲಿ ಬರೀ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕಾಣುತ್ತೆ ಅಂತ ಆಮೇಲೆ ವಿವರಿಸಿದರು. ನಾನು ಎಣ್ಣೆ ಹಚ್ಚಿದ್ದು ಬರಿಗೈಯಲ್ಲಿ. ಬೆರಳ ತುದಿಯಲ್ಲಿ ಲಾಳದ ಮೊಳೆ ತಾಗಿದ ಗಾಯ ಬೇರೆ ಇತ್ತು. ಎರಡೂ ಕುದುರೆ ಚುರುಕಾಗಿವೆ, ನೀರು ಕುಡಿಯುತ್ತಿವೆ, ನಡಿಗೆ ನೆಟ್ಟಗಿದೆ, ಬಾದಶಾನ ಕುಂಟಿಗೆ ಹಳೇ ಕಾರಣ ಇದೆ ಅಂತ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಅವರು ಮುಂದುವರಿದದ್ದು.

ಕಾಲುಬಾಯಿ ಬಗ್ಗೆ ಕೇಳಿದಾಗ ನಕ್ಕರು. ಅದು ಗೊರಸು ಎರಡಾಗಿ ಸೀಳಿರುವ ಪ್ರಾಣಿಗಳ ಕಾಯಿಲೆ. ದನ, ಎಮ್ಮೆ, ಕುರಿ, ಮೇಕೆ, ಹಂದಿಗೆ ಬರುತ್ತೆ. ಒಂಟಿ ಗೊರಸಿನ ಕುದುರೆ, ಕತ್ತೆಗೆ ಬರಲ್ಲ. ಕುದುರೆಗೂ ಬಾಯಲ್ಲಿ ಗುಳ್ಳೆ ಎದ್ದು, ಒಡೆದು ಹುಣ್ಣಾಗುವ ಒಂದು ವೈರಸ್ ಕಾಯಿಲೆ ಇದೆಯಂತೆ, ವೆಸಿಕ್ಯುಲರ್ ಸ್ಟೊಮಟೈಟಿಸ್ ಅಂತ. ನೋಡಲು ಥೇಟ್ ಕಾಲುಬಾಯಿ. ಕಚ್ಚುವ ಸಣ್ಣ ನೊಣಗಳಿಂದ ಹರಡುತ್ತೆ. 2019ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತ್ತು. ಆದರೆ ಅದರ ನೆಲೆ ಅಮೆರಿಕ ಖಂಡಗಳು, ನಮ್ಮ ಕಡೆಯದಲ್ಲ. ಆ ಹಾಲಿನ ಅಕ್ಕನನ್ನು ಕರೆದು ಇಷ್ಟನ್ನೂ ಮೇಡಂ ಬಾಯಲ್ಲೇ ಹೇಳಿಸಿದೆ. ನಾನು ಹೇಳಿದ್ದರೆ ನಂಬುತ್ತಿರಲಿಲ್ಲ.

ಆಮೇಲೆ ಬಾಯಿ ತೆರೆದರು. ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಜಾಗ ಇರುತ್ತೆ, ಕಡಿವಾಣ ಕೂರುವುದೇ ಅಲ್ಲಿ. ಆ ಪಕ್ಕದಿಂದ ಬೆರಳು ತೂರಿಸಿ, ನಾಲಗೆಯನ್ನು ಮೆತ್ತಗೆ ಒಂದು ಬದಿಗೆ ಸರಿಸಿ, ಟಾರ್ಚ್ ಬಿಟ್ಟರು. ಮೇಲ್ತುಟಿ ಮಡಚಿ ತೋರಿಸಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ಒಸಡಿನ ಉದ್ದಕ್ಕೂ ಹಳೇ ಹಲ್ಲುಜ್ಜುವ ಬ್ರಷ್‌ನ ಕೂದಲಿನ ಹಾಗೆ ಕಂದು ಎಳೆಗಳು ಸಾಲಾಗಿ ನಾಟಿಕೊಂಡಿದ್ದವು. ಸುತ್ತ ಬೂದು ಬಣ್ಣದ ಪೊರೆ, ಅದರ ಅಂಚು ಕೆಂಪು. ಚಿಮಟದಲ್ಲಿ ಒಂದನ್ನು ಹಿಡಿದು ಎಳೆದರೆ ಒಂದು ಸೆಂಟಿಮೀಟರ್ ಹೊರಗೆ ಬಂತು, ಹಿಂದೆಯೇ ಒಂದು ಹನಿ ರಕ್ತ. ಹುಲ್ಲಿನ ತೆನೆಯ ಮುಳ್ಳು. ಗುಡ್ಡದಲ್ಲಿ ನಡೆದರೆ ಪ್ಯಾಂಟಿಗೆ, ಸಾಕ್ಸಿಗೆ ಚುಚ್ಚಿಕೊಂಡು ಮನೆವರೆಗೂ ಬರುತ್ತಲ್ಲ, ಅದೇ. ಅದರ ಮೈಮೇಲೆ ಹಿಮ್ಮುಖವಾದ ಸಣ್ಣ ಸಣ್ಣ ಕೊಕ್ಕೆಗಳಿರುತ್ತವೆ. ಒಳಗೆ ಹೋಗುತ್ತೆ, ವಾಪಸ್ ಬರಲ್ಲ. ಕುದುರೆ ಅಗಿದಷ್ಟೂ ಇನ್ನೂ ಒಳಕ್ಕೆ. ಗೌರಿಯ ನಾಲಗೆ ಕೆಳಗೊಂದು ಗೊಂಚಲೇ ಇತ್ತು, ವಾಸನೆ ಬರುತ್ತಿದ್ದದ್ದು ಅಲ್ಲಿಂದ.

ಅವರು ಹೇಳಿದ ಒಂದು ಮಾತು ಅಂದಿನಿಂದ ನನ್ನ ಕೆಲಸಕ್ಕೆ ಬಂದಿದೆ. ಹುಣ್ಣು ಇದೆ ಅನ್ನುವುದಕ್ಕಿಂತ ಎಲ್ಲಿದೆ ಅಂತ ನೋಡಿ ಅಂದರು. ತುಟಿಯ ಮೂಲೆ, ಹಲ್ಲಿಲ್ಲದ ಆ ಜಾಗದ ಒಸಡು, ನಾಲಗೆಯ ಮೇಲ್ಭಾಗ ಆದರೆ ಕಡಿವಾಣದ ಮೇಲೆ ಅನುಮಾನ. ತುಟಿಯ ಒಳಗೆ, ಮುಂದಿನ ಹಲ್ಲಿನ ಒಸಡು, ನಾಲಗೆಯ ಅಡಿ ಆದರೆ ಮೇವಿನ ಮೇಲೆ. ಕೆನ್ನೆಯ ಒಳಗೆ ದವಡೆ ಹಲ್ಲಿನ ಎದುರಿಗೆ ಇದ್ದರೆ ಹಲ್ಲಿನ ಮೇಲೆ. ಗೌರಿಯ ಮೇಲ್ತುಟಿಯ ಒಳಗಿನ ಆ ಜಾಗಕ್ಕೆ ಕಡಿವಾಣ ಜನ್ಮದಲ್ಲಿ ತಾಗಲ್ಲ. ನಾನು ಶನಿವಾರ ತುಟಿಯನ್ನು ಎರಡು ಇಂಚು ಜಾಸ್ತಿ ಎತ್ತಿದ್ದರೆ ಸಾಕಿತ್ತು.

ಆ ಹುಲ್ಲು ಬಂದದ್ದು ಡಿಸೆಂಬರ್ ಕೊನೆಯಲ್ಲಿ. ಯಾವಾಗಲೂ ಕೊಡುವವರ ಹತ್ತಿರ ಸ್ಟಾಕ್ ಇಲ್ಲ ಅಂತ ಬೇರೊಬ್ಬರಿಂದ ಒಂದು ಪಿಕಪ್ ಇಳಿಸಿಕೊಂಡಿದ್ದೆ. ರೇಟು ಕಡಿಮೆ ಇತ್ತು, ಸುಳ್ಳು ಯಾಕೆ ಹೇಳಲಿ. ತೆನೆ ಬಲಿತು ಒಣಗಿದ ಮೇಲೆ ಕೊಯ್ದ ಗುಡ್ಡದ ಹುಲ್ಲು. ಒಂದು ಕಟ್ಟು ಬಿಚ್ಚಿ ಬಿಸಿಲಲ್ಲಿ ಕೊಡವಿದೆವು. ಕೆಳಗೆ ಹಾಸಿದ್ದ ಟಾರ್ಪಾಲಿನ ಮೇಲೆ ಬೊಗಸೆ ತುಂಬ ಮುಳ್ಳು. ಕೊಟ್ಟವರಿಗೆ ಫೋನ್ ಮಾಡಿದರೆ, "ದನ ತಿನ್ನುತ್ತೆ ಸಾರ್, ಕುದುರೆಗೇನು ರೋಗ" ಅಂದರು. ನೀರಲ್ಲಿ ನೆನೆಸಿ ಹಾಕಿದರೆ ಆಗುತ್ತಾ ಅಂತ ಮೇಡಂ ಹತ್ತಿರ ಕೇಳಿದೆ, ದುಡ್ಡು ಕೊಟ್ಟ ಹೊಟ್ಟೆಯುರಿ. ನೆನೆದರೂ ಮುಳ್ಳು ಮುಳ್ಳೇ ಅಂದರು. ಅಷ್ಟೂ ಕಾಂಪೋಸ್ಟ್ ಗುಂಡಿಗೆ ಹೋಯಿತು.

ಚಿಕಿತ್ಸೆಯಲ್ಲಿ ದೊಡ್ಡದೇನೂ ಇರಲಿಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟು ಎರಡಕ್ಕೂ ಸಿಕ್ಕಷ್ಟು ಮುಳ್ಳು ಕಿತ್ತರು, ಗೌರಿ ಒಬ್ಬಳಿಗೇ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ದಿನಕ್ಕೆ ಎರಡು ಸಲ ಉಗುರು ಬೆಚ್ಚಗಿನ ಉಪ್ಪುನೀರನ್ನು ದೊಡ್ಡ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಬಿಟ್ಟು ತೊಳೆಯುವುದು. ಒಣಹುಲ್ಲು ಬಂದ್. ಮೆತ್ತಗಿನ ಹಸಿಹುಲ್ಲು, ನೆನೆಸಿದ ಬೂಸಾ, ಗಂಜಿಯಂತೆ ಬೇಯಿಸಿದ ಹುರುಳಿ. ಬಾಯಿಯ ಗಾಯ ಬೇಗ ಮಾಯುತ್ತೆ, ಒಳಗೆ ಮುಳ್ಳು ಉಳಿದಿರಬಾರದು ಅಷ್ಟೇ. ಹತ್ತನೇ ದಿನಕ್ಕೆ ಗೌರಿ ಮತ್ತೆ ಬಾಗಿಲು ಒದ್ದಳು.

ಬಂದವರು ಬಂದಿದ್ದಾರೆ ಅಂತ ಉಳಿದ ಮೂರರ ಬಾಯಿಯನ್ನೂ ನೋಡಿಸಿದೆ. ನಿಜವಾದ ಅವಮಾನ ಆಗಿದ್ದು ಅಲ್ಲಿ. ನಮ್ಮ ಸುಲ್ತಾನ್ ರೇಸ್‌ನಿಂದ ನಿವೃತ್ತನಾಗಿ ಬಂದವನು, ಹದಿನಾಲ್ಕು ವರ್ಷ. ಎಡಕ್ಕೆ ತಿರುಗು ಅಂದರೆ ತಲೆ ಕೊಡವುತ್ತಿದ್ದ. ಮೊಂಡ ಅಂತ ಹೆಸರಿಟ್ಟಿದ್ದೆವು, ಹೊಸ ಸವಾರರಿಗೆ ಅವನನ್ನು ಕೊಡುತ್ತಿರಲಿಲ್ಲ. ಸ್ಪೆಕ್ಯುಲಮ್ ಅಂತ ಕಬ್ಬಿಣದ ಚೌಕಟ್ಟು ಹಾಕಿ ಬಾಯಿ ಅಗಲಿಸಿ ನನ್ನ ಕೈಯನ್ನೇ ಒಳಗೆ ಹಿಡಿದು ಮುಟ್ಟಿಸಿದರು. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಗರಗಸದ ಹಾಗಿತ್ತು. ಎಡಕೆನ್ನೆಯ ಒಳಗೆ ಐವತ್ತು ಪೈಸೆ ಅಗಲದ ಹುಣ್ಣು, ಸುತ್ತ ಗಟ್ಟಿಯಾದ ಬಿಳಿ ಅಂಚು. ಎಷ್ಟು ತಿಂಗಳಿನದೋ.

ಕುದುರೆಯ ಹಲ್ಲು ನಮ್ಮ ಹಾಗಲ್ಲ. ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಒಸಡಿನಿಂದ ಹೊರಗೆ ಬರುತ್ತಲೇ ಇರುತ್ತೆ, ಹುಲ್ಲು ಅಗಿದು ಸವೆಯುತ್ತಲೇ ಇರುತ್ತೆ. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಅದಕ್ಕೇ ಮೇಲಿನ ಹಲ್ಲಿನ ಹೊರ ಅಂಚು, ಕೆಳಗಿನ ಹಲ್ಲಿನ ಒಳ ಅಂಚು ಪೂರ್ತಿ ಸವೆಯದೆ ಚೂಪಾಗುತ್ತೆ. ಮೇಲಿನದು ಕೆನ್ನೆ ಕೊಯ್ಯುತ್ತೆ, ಕೆಳಗಿನದು ನಾಲಗೆ. ಉದ್ದ ಹುಲ್ಲು ಅಗಿಯುವಾಗ ಕೆಳದವಡೆ ಅಗಲವಾಗಿ ಅತ್ತಿತ್ತ ಹೋಗುತ್ತೆ, ಹಲ್ಲು ಪೂರ್ತಿ ಉಜ್ಜುತ್ತೆ. ಕಾಳು, ಬೂಸಾ ಜಾಸ್ತಿ ಹಾಕಿದರೆ ಆ ಓಡಾಟ ಕಡಿಮೆ. ಸುಲ್ತಾನ್ ರೇಸಿನ ಕಾಲದಿಂದಲೂ ಕಾಳಿನ ಮೇಲೇ ಬೆಳೆದವನು. ಮೂಗುಪಟ್ಟಿ ಬಿಗಿದು ಲಗಾಮು ಎಳೆದಾಗ ಕೆನ್ನೆ ಹೋಗಿ ಆ ಗರಗಸಕ್ಕೆ ಒತ್ತುತ್ತಿತ್ತು. ಎಡಕ್ಕೆ ತಿರುಗು ಅಂದರೆ ಅವನು ಇನ್ನೇನು ಮಾಡಬೇಕಿತ್ತು? ಉದ್ದ ಹಿಡಿಯ ಅರದಲ್ಲಿ ಆ ಚೂಪನ್ನು ಉಜ್ಜಿ ತೆಗೆದರು. ಸದ್ದು ಕೇಳಿದರೆ ನಮ್ಮ ಹಲ್ಲೇ ಜುಮ್ಮೆನ್ನುತ್ತೆ, ಅದಕ್ಕೆ ನೋವಿಲ್ಲವಂತೆ. ಈಗ ವರ್ಷಕ್ಕೊಮ್ಮೆ ಐದಕ್ಕೂ ಮಾಡಿಸುತ್ತೇವೆ, ಸುಲ್ತಾನನಿಗೆ ಆರು ತಿಂಗಳಿಗೆ. ಅವನನ್ನು ಮೊಂಡ ಅಂತ ಈಗ ಯಾರೂ ಕರೆಯಲ್ಲ. ಕರೆದರೆ ಚಾಚಾ ಬೈಯುತ್ತಾರೆ.

ಅವತ್ತು ಬಾದಶಾನ ಔಷಧಿ ಡಬ್ಬವನ್ನೂ ಮೇಡಂ ಕೇಳಿ ತರಿಸಿ ನೋಡಿದರು. ಕುದುರೆಗೆ ಕೊಡುವ ಫಿನೈಲ್‌ಬ್ಯುಟಝೋನ್ ಥರದ ನೋವಿನ ಪುಡಿ ಜಾಸ್ತಿ ದಿನ, ಜಾಸ್ತಿ ಪ್ರಮಾಣದಲ್ಲಿ ಹೋದರೆ ಹೊಟ್ಟೆಯಲ್ಲಷ್ಟೇ ಅಲ್ಲ, ಬಾಯಲ್ಲೂ ಹುಣ್ಣಾಗಬಹುದು. ನಾವು ಐದು ದಿನ ಅಂತ ಬರೆದದ್ದನ್ನು ಒಂಬತ್ತು ದಿನ ಕೊಟ್ಟಿದ್ದೆವು, ಅದಕ್ಕೂ ಬೈಸಿಕೊಂಡೆ. ಕಾಲಿಗೆ ಹಚ್ಚಿದ ಉರಿಯುವ ಮುಲಾಮು ನೆಕ್ಕಿದರೂ, ಹಸಿ ಸುಣ್ಣ ಬಳಿದ ಗೋಡೆ ನೆಕ್ಕಿದರೂ, ಕಳ್ಳಿ ಹಾಲು ತಾಗಿದರೂ ಬಾಯಿ ಸುಡುತ್ತೆ. ಕಿಡ್ನಿ ಕೆಟ್ಟ ಕುದುರೆಗೂ ಬಾಯಿ ಹುಣ್ಣು ಬರುತ್ತಂತೆ, ಅದು ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುವ ವಿಷಯ, ನನ್ನ ಟಾರ್ಚಿಗೆ ಕಾಣುವುದಲ್ಲ.

ಈಗ ಭಾನುವಾರ ಸಂಜೆ ಗಿರಾಕಿಗಳು ಹೋದ ಮೇಲೆ ಐದಕ್ಕೂ ಬಾಯಿ ನೋಡುತ್ತೇನೆ, ಗ್ಲೌಸ್ ಹಾಕಿಕೊಂಡು. ಒಂದಕ್ಕೆ ಎರಡು ನಿಮಿಷ. ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ಹೊಸ ಹುಲ್ಲು ಬಂದರೆ ಇಳಿಸಿಕೊಳ್ಳುವ ಮೊದಲೇ ಕಟ್ಟಿನ ನಡುವಿನಿಂದ ಒಂದು ಹಿಡಿ ಎಳೆಯುತ್ತೇವೆ. ಅಂಚಿನಿಂದಲ್ಲ, ಅಂಚಿನಲ್ಲಿ ಯಾವಾಗಲೂ ಒಳ್ಳೇ ಹುಲ್ಲೇ ಇರುತ್ತೆ. ಚಾಚಾ ಅದನ್ನು ತಮ್ಮ ಮುಂಗೈಯ ಒಳಭಾಗಕ್ಕೆ ಉಜ್ಜಿ ನೋಡುತ್ತಾರೆ, ಚರ್ಮ ಮೆತ್ತಗಿರುವ ಜಾಗದಲ್ಲಿ. ಹೋದ ವಾರ ಒಂದು ಪಿಕಪ್ ಬಂದಿತ್ತು. ಉಜ್ಜಿದರು, ಕೈ ತಿರುಗಿಸಿ ನೋಡಿದರು, ಕೆಂಪು ಗೀರು ಎದ್ದಿತ್ತು. ಡ್ರೈವರ್‌ಗೆ ಒಂದು ಲೋಟ ಕಾಫಿ ಕೊಟ್ಟು ಗಾಡಿಯನ್ನು ಹಾಗೇ ವಾಪಸ್ ಕಳಿಸಿದೆವು.