ಹಾಡು ಕೇಳಿಸಿದರೆ ಊರು ಹತ್ತಿರ

ಕೆನಡಾದ ವೈಟ್‌ಹಾರ್ಸ್‌ಗೆ ಬಂದ ಹೊಸದರಲ್ಲಿ ಕಂಟ್ರಿ ಮ್ಯೂಸಿಕ್ ಅಂದರೆ ನನಗೆ ತಲೆನೋವು. ಕೆಲಸದ ವ್ಯಾನಿನಲ್ಲಿ ಬೆಳಗಿಂದ ಸಂಜೆವರೆಗೆ ಅದೇ. ಗಿಟಾರು, ಪಿಟೀಲು, ಬಿಟ್ಟು ಹೋದ ಹೆಂಡತಿ, ಕೆಟ್ಟು ನಿಂತ ಟ್ರಕ್ಕು. ವ್ಯಾನ್ ಓಡಿಸುತ್ತಿದ್ದ ಹಿರಿಯರು ಮೇಯೋ ಊರಿನವರು, ನಾರ್ದರ್ನ್ ಟಚೋನಿ ಅನ್ನೋ ಮೂಲನಿವಾಸಿ ಜನ, ಅರವತ್ತು ದಾಟಿದೆ. ರೇಡಿಯೋ ಗುಂಡಿ ಅವರ ಸ್ವತ್ತು. ನಾನು ಮುಟ್ಟೋ ಹಾಗಿರಲಿಲ್ಲ.

ಸ್ಟೇಷನ್ ಹೆಸರು ಸಿಎಚ್‌ಓಎನ್ ಎಫ್‌ಎಂ, 98.1. ಕೆನಡಾದ ವಾಯವ್ಯ ಮೂಲೆಯ ಯೂಕಾನ್‌ನಲ್ಲಿ ಅಲ್ಲಿನ ಮೂಲನಿವಾಸಿಗಳೇ 1985ರಿಂದ ನಡೆಸಿಕೊಂಡು ಬಂದಿರುವ ರೇಡಿಯೋ. ಯೂಕಾನ್ ಅಂದರೆ ಕರ್ನಾಟಕದ ಎರಡೂವರೆ ಪಟ್ಟು ಜಾಗ, ಜನ ಮಾತ್ರ ನಲವತ್ತು ಚಿಲ್ಲರೆ ಸಾವಿರ. ಅವರಲ್ಲೂ ಹೆಚ್ಚಿನವರು ವೈಟ್‌ಹಾರ್ಸ್‌ನಲ್ಲೇ ಇದ್ದಾರೆ. ಉಳಿದವರದ್ದು ನೂರು, ಇನ್ನೂರು ಕಿಲೋಮೀಟರಿಗೊಂದು ಪುಟ್ಟ ಊರು. ವೈಟ್‌ಹಾರ್ಸ್‌ನಿಂದ ಬರುವ ಕಾರ್ಯಕ್ರಮವನ್ನು ಆಯಾ ಊರಿನ ಸಣ್ಣ ಟ್ರಾನ್ಸ್‌ಮಿಟರ್ ಅಲ್ಲಿನವರಿಗೆ ಮುಟ್ಟಿಸುತ್ತದೆ. ಸಣ್ಣದು ಅಂದರೆ ನಿಜವಾಗಿಯೂ ಸಣ್ಣದು. ಊರು ದಾಟಿ ನಾಲ್ಕು ತಿರುವು ಹೋದರೆ ಹಾಡು ಹರಿದು, ಬರೀ ಗೊರಗೊರ. ಆ ಗೊರಗೊರ ಕೇಳಿದಾಗೆಲ್ಲ ಒಳಗೊಳಗೇ ನನಗೆ ಖುಷಿ.

ಹೋದ ವರ್ಷ ಜನವರಿಯಲ್ಲಿ ಮೇಯೋದ ಅಂಗಡಿಯೊಂದರ ಫ್ರೀಜರ್ ಕೆಟ್ಟಿತು ಅಂತ ನಮ್ಮಿಬ್ಬರನ್ನು ಕಳಿಸಿದರು. ಹೊರಗೆ ಮೈನಸ್ 38. ಸಾಮಾನನ್ನೆಲ್ಲ ಹಿತ್ತಲಲ್ಲಿ ಇಟ್ಟರೆ ಸಾಕಲ್ವಾ ಅಂತ ನಾನು ತಮಾಷೆ ಮಾಡಿದೆ. ಹಿರಿಯರು ನಗಲಿಲ್ಲ. ಈ ಜೋಕನ್ನು ಅವರು ಎಷ್ಟು ಜನರ ಬಾಯಲ್ಲಿ ಕೇಳಿದ್ದರೋ ಏನೋ.

ಒಟ್ಟು ದಾರಿ ನಾನೂರು ಕಿಲೋಮೀಟರು. ವೈಟ್‌ಹಾರ್ಸ್ ಬಿಟ್ಟು ಸ್ವಲ್ಪ ಹೊತ್ತಿಗೆ ಹಾಡು ನಿಂತಿತು. ಕಾರ್‌ಮ್ಯಾಕ್ಸ್ ಬಂದಾಗ ಮತ್ತೆ ಶುರುವಾಯಿತು. ಅದು ದಾಟಿದ ಮೇಲೆ ಮತ್ತೆ ಇಲ್ಲ. ಫೋನಿನಲ್ಲಂತೂ ಊರು ಬಿಟ್ಟರೆ ಒಂದು ಕಡ್ಡಿಯೂ ಇರಲ್ಲ. ಐದು ಗಂಟೆ ಆಗಿತ್ತೇನೋ, ಕತ್ತಲು ಬೀಳುತ್ತಿತ್ತು. ಮಿಂಟೋ ದಾಟಿ ಎಷ್ಟೋ ದೂರ ಬಂದ ಮೇಲೆ ಒಂದು ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿತು, ವ್ಯಾನ್ ಅರ್ಧ ಸುತ್ತು ತಿರುಗಿ, ಮೆಲ್ಲಗೆ, ಏನೋ ಯೋಚನೆ ಮಾಡಿಕೊಂಡು ಇಳಿದ ಹಾಗೆ, ಪಕ್ಕದ ಹಳ್ಳದ ಹಿಮದಲ್ಲಿ ಮೂತಿ ಹೂತು ನಿಂತಿತು. ಇಬ್ಬರಿಗೂ ಏಟಾಗಲಿಲ್ಲ. ಎಂಜಿನ್ ಓಡುತ್ತಲೇ ಇತ್ತು. ನನಗೆ ಮಾತ್ರ ಕೈ ನಡುಗುತ್ತಿತ್ತು. ಬಾಗಿಲು ತೆಗೆದು ನಡೆಯೋಣವಾ ಅಂದೆ.

"ಸುಮ್ನೆ ಕೂತ್ಕೋ" ಅಂದರು.

ಆಮೇಲೆ ಅವರು ಮಾಡಿದ ಮೊದಲ ಕೆಲಸ ರೇಡಿಯೋದ ಸ್ಕ್ಯಾನ್ ಗುಂಡಿ ಒತ್ತಿದ್ದು. ಇವರಿಗೆ ಈಗ ಹಾಡು ಬೇಕಿತ್ತಾ ಅಂತ ನನಗೆ ಸಿಟ್ಟೇ ಬಂತು. ಅಂಕಿಗಳು ಓಡಿದವು, ಒಂದು ಸುತ್ತು, ಇನ್ನೊಂದು ಸುತ್ತು. ಒಂದು ಕಡೆ ನಿಂತವು. ಗೊರಗೊರದ ಹಿಂದೆ ಎಲ್ಲೋ ಪಿಟೀಲು, ಗಂಡಸಿನ ಮೂಗುದನಿ. ಹಿರಿಯರು ತಲೆ ಓರೆ ಮಾಡಿ ಕೇಳಿದರು, ನಮ್ಮ ಕಡೆ ಬಾವಿಗೆ ಕಲ್ಲು ಹಾಕಿ ನೀರಿನ ಆಳ ನೋಡುವವರ ಹಾಗೆ.

"ಪೆಲ್ಲಿ ಕ್ರಾಸಿಂಗ್. ಹತ್ತು ಕಿಲೋಮೀಟರ್ ಇರಬಹುದು. ಯಾರಾದರೂ ಬರ್ತಾರೆ."

ಸೀಟು ಹಿಂದಕ್ಕೆ ಮಾಡಿ ಒರಗಿಬಿಟ್ಟರು. ಮುಕ್ಕಾಲು ಗಂಟೆ ಕಾದೆವು. ಅಷ್ಟು ಕಂಟ್ರಿ ಹಾಡನ್ನು ನಾನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಗಾಳಿ ಬೀಸಿದಾಗ ಹಾಡು ಹೋಗುತ್ತಿತ್ತು, ನನ್ನ ಎದೆ ಧಸಕ್ ಅನ್ನುತ್ತಿತ್ತು, ಮತ್ತೆ ಬರುತ್ತಿತ್ತು. ನಿಮ್ಮವರಿಗೆ ಈ ಹಾಡಿನ ಹುಚ್ಚು ಹೇಗೆ ಹಿಡಿಯಿತು ಅಂತ ಕೇಳಿದೆ. ಪಿಟೀಲು ಇಲ್ಲಿಗೆ ಹೊಸದಲ್ಲ ಅಂದರು. 1840ರ ದಶಕದಲ್ಲಿ ಹಡ್ಸನ್ಸ್ ಬೇ ಕಂಪನಿಯವರು ತುಪ್ಪಳದ ವ್ಯಾಪಾರಕ್ಕೆ ಬಂದಾಗ ಜೊತೆಗೆ ತಂದದ್ದು, ಇಲ್ಲಿನವರು ಕಲಿತು ತಮ್ಮದೇ ಮಾಡಿಕೊಂಡರು. "ಮತ್ತೆ, ಟ್ರಕ್ಕು ಕೆಡೋದು, ಮನೆ ದೂರ ಇರೋದು, ಇದೆಲ್ಲ ನಮ್ಮದೇ ಕತೆ ಅಲ್ವಾ" ಅಂತ ಹೂತ ವ್ಯಾನಿನ ಮೂತಿ ತೋರಿಸಿದರು. ಈ ಸಲ ಅವರೇ ನಕ್ಕರು.

ನಡುವೆ ಹಾಡು ನಿಲ್ಲಿಸಿ ನಿರೂಪಕಿ ಹುಟ್ಟುಹಬ್ಬದ ಹಾರೈಕೆ ಓದಿದಳು. ಕಾರ್‌ಮ್ಯಾಕ್ಸ್‌ನ ಅಜ್ಜಿಗೆ ಮೊಮ್ಮಕ್ಕಳಿಂದ, ರಾಸ್ ರಿವರ್‌ನ ಅಣ್ಣನಿಗೆ ತಂಗಿಯಿಂದ. ನಾನು ತೀರ್ಥಹಳ್ಳಿಯ ನಮ್ಮ ಅಡುಗೆಮನೆಗೆ ಹೋಗಿಬಿಟ್ಟೆ. ಭದ್ರಾವತಿ ಆಕಾಶವಾಣಿಯಲ್ಲಿ ಕೋರಿಕೆ ಕಳಿಸಿದವರ ಹೆಸರು, ಊರು ಉದ್ದಕ್ಕೂ ಓದುವಾಗ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡು ನಿಂತುಬಿಡುತ್ತಿದ್ದಳು. ಹಾಡಿಗಲ್ಲ, ಗುರುತಿನವರ ಹೆಸರು ಬರುತ್ತಾ ಅಂತ. ಗುಡ್ಡದ ಮರೆಗೆ ಅದೂ ಹೀಗೇ ಹರಿದು ಹೋಗುತ್ತಿತ್ತು.

ಪಿಕಪ್ ಒಂದು ಬಂತು. ಓಡಿಸುತ್ತಿದ್ದ ಹುಡುಗ ಏನೂ ಕೇಳದೆ ಎಳೆಯುವ ಪಟ್ಟಿ ತೆಗೆದ, ಹತ್ತೇ ನಿಮಿಷದಲ್ಲಿ ನಮ್ಮನ್ನು ರಸ್ತೆಗೆ ತಂದ. ದುಡ್ಡು ಕೊಡಲು ಹೋದರೆ ಕೈ ಅಲ್ಲಾಡಿಸಿದ. ಅವನ ಗಾಡಿಯೊಳಗೂ ಅದೇ ಸ್ಟೇಷನ್, ಅದೇ ಹಾಡು, ಎರಡು ಗಾಡಿಯಿಂದ ಒಟ್ಟಿಗೆ.

ಮಾರ್ಚಿನಲ್ಲಿ ಹಿರಿಯರ ಹುಟ್ಟುಹಬ್ಬ ಬಂತು. ನಾನೇ ಸ್ಟೇಷನ್‌ಗೆ ಫೋನ್ ಮಾಡಿ ಹಳೆಯ ಹ್ಯಾಂಕ್ ವಿಲಿಯಮ್ಸ್ ಹಾಡೊಂದನ್ನು ಕೇಳಿದೆ. ಯಾವ ಊರಿನಿಂದ ಅಂದಳು. ವೈಟ್‌ಹಾರ್ಸ್ ಅನ್ನಬಹುದಿತ್ತು. ತೀರ್ಥಹಳ್ಳಿ ಅಂದೆ. ಒಂದೊಂದೇ ಅಕ್ಷರ ಹೇಳಿಸಿಕೊಂಡು ಬರೆದುಕೊಂಡಳು. ವ್ಯಾನಿನಲ್ಲಿ ಇಬ್ಬರೂ ಕಾಯುತ್ತಾ ಕೂತಿದ್ದೆವು. ಅವರ ಹೆಸರು ಸರಿಯಾಗಿ ಬಂತು, ಆಮೇಲೆ ಅವಳು ಸ್ವಲ್ಪ ತಡೆದು "ಟಿರ್ತಾ... ಹಾಲಿ" ಅಂದಳು.

"ಅದು ಯಾವ ಕಡೆ, ಡಾಸನ್ ದಾಟಿಯಾ?" ಅಂತ ಕೇಳಿದರು ಹಿರಿಯರು.