ಇಟಲಿಯ ದ್ರಾಕ್ಷಿ ತಳಿಗಳ ಆಸೆ ಹೊತ್ತು ಚಿಕ್ಕಬಳ್ಳಾಪುರಕ್ಕೆ ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ನಂದಿ ಬೆಟ್ಟದ ಆಸುಪಾಸಿನ ವೈನ್ ತೋಟಗಳಲ್ಲಿ ಸಿಗುವುದು ಹೆಚ್ಚಾಗಿ ಫ್ರಾನ್ಸ್ ಮೂಲದ ತಳಿಗಳು. ಕ್ಯಾಬರ್ನೆ, ಶಿರಾಜ್, ವಿಯೊನ್ಯೆ, ಹೀಗೆ. ಸಾಂಜೊವೇಸೆ, ನೀರೊ ದಾವೊಲಾ, ಫಿಯಾನೊ ಅಂತ ಇಟಲಿಯ ಹೆಸರು ಹಿಡಿದು ಬಳ್ಳಿ ಹುಡುಕಿದರೆ ನಿರಾಸೆ ಆದೀತು. ಆದರೂ ಹೋಗಿ ಬನ್ನಿ ಅನ್ನುತ್ತೇನೆ. ಆ ತಳಿಗಳು ನಮ್ಮ ಕಡೆ ಬಾಳುತ್ತವಾ ಅನ್ನುವುದು ಇಲ್ಲಿನ ತೋಟದಲ್ಲಿ ನಿಂತು ಯೋಚಿಸಿದಾಗ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಹೋಗುವುದಾದರೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಇಟಲಿಯಲ್ಲಿ ಬಳ್ಳಿ ಚಳಿಗಾಲ ಪೂರ್ತಿ ಮಲಗುತ್ತದೆ, ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ. ನಮ್ಮಲ್ಲಿ ಮಲಗಿಸುವಷ್ಟು ಚಳಿಯೇ ಇಲ್ಲ. ಹಾಗಾಗಿ ವೈನ್ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕಟಿಂಗ್ ಮಾಡುತ್ತಾರೆ. ಬೇಸಿಗೆಯಲ್ಲಿ ಒಂದು, ಅದು ಬಳ್ಳಿಯ ಮೈ ಬೆಳೆಸಲು. ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು, ಅದು ಹಣ್ಣಿಗೆ. ಆ ಹಣ್ಣು ಬಿಸಿಲೇರುವ ಹೊತ್ತಿಗೆ ಕೈಗೆ ಬರುತ್ತದೆ. ಜೂನ್ ಜುಲೈನಲ್ಲಿ ಹೋದರೆ ವೈನ್ ತೋಟದಲ್ಲಿ ಬರೀ ಎಲೆ ನೋಡಿಕೊಂಡು ಬರಬೇಕು.

ಬೆಂಗಳೂರಿನಿಂದ ಯಲಹಂಕ, ದೇವನಹಳ್ಳಿ, ನಂದಿ ಹಾಲ್ಟ್ ಮೇಲೆ ರೈಲಿದೆ, ಬಸ್ಸಂತೂ ಬೇಕಾದಷ್ಟು. ಆದರೆ ತೋಟಗಳಿರುವುದು ಹಳ್ಳಿಗಳ ಒಳಗೆ. ಸ್ವಂತ ಗಾಡಿ ಇದ್ದರೆ ಸಲೀಸು. ಶನಿವಾರ, ಭಾನುವಾರ ಬೆಳಿಗ್ಗೆ ಬೆಟ್ಟದ ರಸ್ತೆ ತುಂಬಿರುತ್ತದೆ. ವಾರದ ನಡುವೆ ಹೋದರೆ ರೈತರಿಗೂ ಎರಡು ಮಾತಾಡಲು ಬಿಡುವಿರುತ್ತದೆ.

ವೈನರಿಗೆ ಮೊದಲು ಬೆಂಗಳೂರು ಬ್ಲೂ ತೋಟಕ್ಕೆ ಹೋಗಿ. ಈ ಸೀಮೆಯ ದ್ರಾಕ್ಷಿ ಅಂದರೆ ಇದೇ, ಈ ನೆಲದ್ದೇ ಬೆಳೆ ಅಂತ ಗುರುತಿಸುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ನಾನು ಹೋದದ್ದು ನಂದಿ ಗ್ರಾಮದ ಹತ್ತಿರ ಪರಿಚಯದವರೊಬ್ಬರ ತೋಟಕ್ಕೆ. ಕಲ್ಲುಕಂಬ, ಮೇಲೆ ತಂತಿಯ ಚಪ್ಪರ, ತಲೆ ಬಗ್ಗಿಸಿ ನಡೆಯಬೇಕು. ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿ. ದಪ್ಪ ಸಿಪ್ಪೆ ಕೈಯಲ್ಲೇ ಉಳಿದು, ಒಳಗಿನ ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ. ಹುಳಿ, ಸಿಹಿ, ಜೊತೆಗೆ ಮೂಗಿಗೆ ಹೊಡೆಯುವ ಘಮ. ಅಮೆರಿಕದ ಕಾಡು ದ್ರಾಕ್ಷಿಯ ವಂಶದ ಗುಣ ಅದು, ಯುರೋಪಿನ ವೈನ್ ದ್ರಾಕ್ಷಿಯಲ್ಲಿ ಇರುವುದಿಲ್ಲ. ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಇದು ಹೋಗುತ್ತದೆ. ಕೇಳದೆ ಗೊಂಚಲಿಗೆ ಕೈ ಹಾಕಬೇಡಿ. ಔಷಧಿ ಹೊಡೆದಿರುತ್ತಾರೆ.

ಆ ರೈತರ ಹತ್ತಿರ ಇಟಲಿ ತಳಿಯ ಮಾತು ತೆಗೆದೆ. "ಹೆಸರು ಏನಾದ್ರೂ ಇರ್ಲಿ ಸಾರ್, ಕೊಳ್ಳೋರು ಯಾರು ಹೇಳಿ. ನಮ್ ನೀಲಿ ದ್ರಾಕ್ಷಿ ಆದ್ರೆ ಮಂಡಿಗಾದ್ರೂ ಹಾಕ್ಬೋದು" ಅಂದರು. ತುಂಬ ತೂಕದ ಮಾತು. ವೈನ್ ದ್ರಾಕ್ಷಿ ಸಣ್ಣ ಕಾಳು, ಬೀಜ ಜಾಸ್ತಿ, ತಿನ್ನಲು ಯಾರೂ ಕೊಳ್ಳುವುದಿಲ್ಲ. ವೈನರಿಯ ಒಪ್ಪಂದ ಕೈಯಲ್ಲಿಲ್ಲದೆ ಹೊಸ ತಳಿ ಹಾಕಿ ಅಂತ ರೈತರಿಗೆ ಹೇಳುವುದು ಅನ್ಯಾಯ.

ಹಾಗಂತ ಬಿಟ್ಟುಬಿಡುವ ವಿಷಯವೂ ಅಲ್ಲ. ಬಿಸಿಲು ಜಾಸ್ತಿಯಾದರೆ ಹಣ್ಣಿನಲ್ಲಿ ಸಕ್ಕರೆ ಬೇಗ ಏರಿ ಹುಳಿ ಇಳಿಯುತ್ತದೆ, ವೈನ್ ಸಪ್ಪೆಯಾಗುತ್ತದೆ. ಸಿಸಿಲಿಯ ನೀರೊ ದಾವೊಲಾ, ನೇಪಲ್ಸ್ ಕಡೆಯ ಫಿಯಾನೊ ಸೆಕೆಯಲ್ಲೂ ಹುಳಿ ಉಳಿಸಿಕೊಳ್ಳುವ ತಳಿಗಳು. ಆಸ್ಟ್ರೇಲಿಯಾದ ಮೆಕ್‌ಲಾರೆನ್ ವೇಲ್, ರಿವರ್‌ಲ್ಯಾಂಡ್‌ನಂಥ ಬಿಸಿಲು ಸೀಮೆಯವರು ಇವನ್ನು ನೆಟ್ಟದ್ದು ಅದಕ್ಕೇ. ಆದರೆ ಅಲ್ಲಿ ಹಣ್ಣಾಗುವ ಕಾಲಕ್ಕೆ ಒಣ ಹವೆ. ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಗುಡುಗು, ಆಲಿಕಲ್ಲು ಮಳೆಯ ಭಯ. ದಕ್ಷಿಣ ಇಟಲಿಯ ಅಲ್ಯಾನಿಕೊ ಹಣ್ಣಾಗುವುದು ಬಹಳ ತಡ. ಸಾಂಜೊವೇಸೆಯೂ ತಡವೇ, ಸಿಪ್ಪೆ ಬೇರೆ ತೆಳು, ಮಳೆ ಬಿದ್ದರೆ ಕೊಳೆಯುತ್ತದೆ. ಈ ಜಿಲ್ಲೆಯಲ್ಲಿ ಯಾರಾದರೂ ಪ್ರಯೋಗ ಮಾಡುವುದಾದರೆ ಫಿಯಾನೊ, ನೀರೊ ದಾವೊಲಾದಿಂದ ಶುರು ಮಾಡಲಿ ಅಂತ ನನ್ನ ಆಸೆ. ಅದೂ ಒಂದೆರಡು ಸಾಲು ಮಾತ್ರ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರನ್ನು ನಂಬಿ ಪೂರ್ತಿ ಎಕರೆ ಪಣಕ್ಕಿಡುವ ಊರಲ್ಲ ಇದು.

ವೈನರಿ ನೋಡಲು ಪಕ್ಕದ ದೊಡ್ಡಬಳ್ಳಾಪುರಕ್ಕೆ ಇಳಿಯಬೇಕು. ಅಲ್ಲಿನ ಗ್ರೋವರ್ ಈ ಭಾಗದ ಹಳಬರು, 1988ರಲ್ಲಿ ಶುರುವಾದದ್ದು. ಮೊದಲೇ ಬುಕ್ ಮಾಡಿಕೊಂಡು ಹೋಗಿ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ರುಚಿ ನೋಡಿ. ಗಾಡಿ ಓಡಿಸುವವರು ಒಂದು ಗುಟುಕೂ ಬೇಡ, ವಾಪಸ್ ಬರುವ ಹೆದ್ದಾರಿಯಲ್ಲಿ ಲಾರಿಗಳ ಓಟ ಜೋರು.

ಇಟಲಿ ತಳಿಯ ರುಚಿಯನ್ನೇ ನೋಡಬೇಕು ಅನ್ನುವವರು ಬೆಂಗಳೂರಿನ ದೊಡ್ಡ ವೈನ್ ಅಂಗಡಿಗಳಲ್ಲಿ ಭಾರತದ್ದೇ ಸಾಂಜೊವೇಸೆ ವಿಚಾರಿಸಿ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲ್ಲಿ ವೈನರಿಯವರು ಟಸ್ಕನಿಯ ವೈನ್ ತಯಾರಕ ಪಿಯೆರೊ ಮಾಸಿ ಜೊತೆ ಸೇರಿ ಬೆಳೆಸಿದ ತಳಿ ಅದು. ನಮ್ಮ ಹಂಪಿ ಸೀಮೆಯ ಕ್ರಿಸ್ಮಾ ವೈನರಿಯವರೂ ಸಾಂಜೊವೇಸೆ ವೈನ್ ಮಾಡುತ್ತಾರೆ. ಹುಳಿ ಚೆನ್ನಾಗಿರುವ ಕೆಂಪು ವೈನ್. ಟೊಮೇಟೊ ಅಡುಗೆಗೆ ಹೇಳಿ ಮಾಡಿಸಿದ ಜೋಡಿ, ಖಾರ ಕಡಿಮೆ ಮಾಡಿದ ಟೊಮೇಟೊ ಗೊಜ್ಜಿಗೂ ಒಪ್ಪುತ್ತದೆ. ಬಳ್ಳಿಯನ್ನೇ ಕಣ್ಣಾರೆ ನೋಡುವ ಹಟ ಇದ್ದರೆ ವಿಜಯಪುರ ದಾಟಿ ಅಕ್ಲೂಜ್‌ಗೇ ಹೋಗಿ. ಅದಕ್ಕೂ ಇದೇ ಫೆಬ್ರವರಿ, ಮಾರ್ಚ್ ಕಾಲವೇ ಸರಿ. ಉಳಿಯುವ ವ್ಯವಸ್ಥೆ ಮಾತ್ರ ಮುಂಚೆಯೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.